ಮೊದಲು ಮೀಟರ್ ಕೋಣೆ, ಆಮೇಲೆ ಷೋರೂಮು



ಕೋಟಿ ರೂಪಾಯಿಯ ವಿದ್ಯುತ್ ಕಾರಿನ ವಿಚಾರ ಬಾನುಲಿಗೆ ಯಾಕೆ ಎಂದು ಕೆಲವರು ಹುಬ್ಬೇರಿಸಬಹುದು. ಕೊಳ್ಳುವವರು ಕಡಿಮೆ ಜನ, ಒಪ್ಪಿದೆ. ಆದರೆ ಬೆಂಗಳೂರಿನಲ್ಲಿ ಹಸಿರು ನಂಬರ್ ಪ್ಲೇಟಿನ ದುಬಾರಿ ಕಾರನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ, ಅಷ್ಟು ಸಾಮಾನ್ಯವಾಗಿದೆ. ಇವತ್ತು ಆ ಕಾರಿನವರು ಎಡವಿದ ಜಾಗದಲ್ಲೇ ನಾಳೆ ಹದಿನೈದು ಲಕ್ಷದ ಕಾರು ಕೊಂಡವರೂ ಎಡವುತ್ತಾರೆ. ಗೋಡೆಯೊಳಗಿನ ತಂತಿಗೆ ಕಾರಿನ ಬೆಲೆ ಗೊತ್ತಾಗುವುದಿಲ್ಲವಲ್ಲ.

ನಾನು ಕಾರಿನವನಲ್ಲ, ಕರೆಂಟಿನವನು. ಕಟ್ಟಡಗಳ ವೈರಿಂಗ್ ನೋಡಿ ಸಲಹೆ ಹೇಳುವುದು ನನ್ನ ಕಸುಬು. ಹಾಗಾಗಿ ನನ್ನನ್ನು ಜನ ಕರೆಯುವುದು ಕಾರು ಬುಕ್ ಮಾಡಿದ ಮೇಲೆ, ಎಷ್ಟೋ ಸಲ ಕಾರು ಬಂದು ಬಾಗಿಲಲ್ಲಿ ನಿಂತ ಮೇಲೆ. ಷೋರೂಮಿನಲ್ಲಿ ಏನು ನಡೆಯಿತು ಎಂದು ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಕಥೆ. ಸೀಟಿನ ಚರ್ಮ ಕಂದು ಬಣ್ಣದ್ದೋ ಬಿಳಿಯದ್ದೋ ಎಂದು ಅರ್ಧ ದಿನ ಚರ್ಚೆ. ಚಕ್ರದ ವಿನ್ಯಾಸ ಆರಿಸಲು ಮನೆಮಂದಿಯೆಲ್ಲ ಸೇರಿದ್ದಾರೆ. ಚಾರ್ಜಿಂಗ್ ಮಾತು ಬಂದಾಗ ಮಾತ್ರ, "ಅದೆಲ್ಲ ನಮ್ಮ ಹುಡುಗರು ಬಂದು ಹಾಕ್ಕೊಡ್ತಾರೆ ಸಾರ್, ನೀವು ತಲೆ ಕೆಡಿಸ್ಕೋಬೇಡಿ" ಎಂಬ ಒಂದೇ ವಾಕ್ಯ. ತಲೆ ಕೆಡಿಸಿಕೊಳ್ಳಬೇಕಾದದ್ದು ಅಲ್ಲೇ. ಮೊದಲು ಮನೆಯ ಮೀಟರ್ ಕೋಣೆಗೆ ಹೋಗಿ, ಆಮೇಲೆ ಷೋರೂಮಿಗೆ ಹೋಗಿ. ಯಾವ ಆಯ್ಕೆಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂಬ ಅರ್ಧ ಉತ್ತರ ನಿಮಗೆ ಮೀಟರ್ ಕೋಣೆಯಲ್ಲೇ ಸಿಗುತ್ತದೆ.

ವಿದ್ಯುತ್ ಕಾರು ಈ ಊರಿಗೆ ಹೊಸದೇನಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ರೇವಾ ಕಾರು ಹಲವರಿಗೆ ನೆನಪಿರಬಹುದು. ಪುಟ್ಟ ಗಾಡಿ. ಅದರ ಹೊಟ್ಟೆಯಲ್ಲಿದ್ದದ್ದು ಸೀಸದ ಬ್ಯಾಟರಿ, 48 ವೋಲ್ಟ್, 200 ಆಂಪಿಯರ್ ಅವರ್. ಗುಣಿಸಿದರೆ ಹತ್ತು ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಗೀಸರ್ ಹಾಕುವ 15 ಆಂಪಿಯರ್ ಪ್ಲಗ್ಗಿಗೆ ರಾತ್ರಿ ಸಿಕ್ಕಿಸಿದರೆ ಬೆಳಗ್ಗೆ ಸಿದ್ಧ. ಮನೆಯ ವೈರಿಂಗಿಗೆ ಅದೊಂದು ಹೊರೆಯೇ ಆಗಿರಲಿಲ್ಲ. ಈಗಿನ ಬಿಎಂಡಬ್ಲ್ಯು ಐ7 ಕಾರಿನ ಬ್ಯಾಟರಿ 101.7 ಯೂನಿಟ್, ಮರ್ಸಿಡಿಸ್ ಇಕ್ಯೂಎಸ್ 580ರದ್ದು 107.8. ಅಂದರೆ ಹತ್ತು ರೇವಾಗಳು ಒಂದೇ ಜಾಗದಲ್ಲಿ ನಿಂತ ಲೆಕ್ಕ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ತಿಂಗಳ ಮಿತಿ 200 ಯೂನಿಟ್. ಈ ಕಾರು ಎರಡು ಸಲ ಹೊಟ್ಟೆ ತುಂಬಿಸಿಕೊಂಡರೆ ಅಷ್ಟೂ ಮುಗಿಯಿತು. ಇಂಥ ಕಾರಿನ ಮನೆಯವರು ಗೃಹಜ್ಯೋತಿಯ ಬಗ್ಗೆ ಚಿಂತಿಸುತ್ತಾರೆಂದು ನನಗನ್ನಿಸುವುದಿಲ್ಲ, ಆದರೂ ಒಂದಿಬ್ಬರು ಕೇಳಿದ್ದುಂಟು.

ಈಗ ಸ್ವಲ್ಪ ಲೆಕ್ಕ. ಬಾನುಲಿಯಲ್ಲಿ ಲೆಕ್ಕ ಹೇಳಿದರೆ ಜನ ಎದ್ದು ಹೋಗುತ್ತಾರೆ ಎನ್ನುತ್ತಾರೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ಟಿನ ಮೇಲೆ ಸ್ವಲ್ಪ ಸಿಗುತ್ತದೆ. ಸಿಂಗಲ್ ಫೇಸಿನಲ್ಲಿ 32 ಆಂಪಿಯರ್ ಎಳೆಯುವ ಗೋಡೆ ಚಾರ್ಜರಿನಿಂದ 7.4. ತ್ರೀ ಫೇಸ್ 16 ಆಂಪಿಯರಿನದ್ದಾದರೆ 11, ತ್ರೀ ಫೇಸ್ 32 ಆಂಪಿಯರಿನದ್ದಾದರೆ 22. ನೂರು ಯೂನಿಟ್ಟಿನ ಬ್ಯಾಟರಿ ತೀರಾ ಖಾಲಿಯಾಗಿದ್ದರೆ ಪ್ಲಗ್ಗಿನಲ್ಲಿ ಒಂದೂಕಾಲು ದಿನಕ್ಕೂ ಹೆಚ್ಚು ಬೇಕು, 11ರಲ್ಲಿ ಒಂದು ರಾತ್ರಿ ಸಾಕು. ಇದನ್ನು ಕೇಳಿದ ತಕ್ಷಣ ಎಲ್ಲರೂ "ಹಾಗಾದ್ರೆ 22ರದ್ದೇ ಹಾಕಿಸೋಣ" ಎನ್ನುತ್ತಾರೆ. ನಿಲ್ಲಿ. ನೀವು ದಿನಕ್ಕೆ ಎಷ್ಟು ಓಡಾಡುತ್ತೀರಿ? ಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿ ಬಂದರೂ ಐವತ್ತು ಕಿಲೋಮೀಟರಿನ ಆಸುಪಾಸು. ಇಂಥ ಭಾರದ ಕಾರು ನೂರು ಕಿಲೋಮೀಟರಿಗೆ ಇಪ್ಪತ್ತು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಬೇಕಾದದ್ದು ಹತ್ತು ಯೂನಿಟ್. 7.4ರ ಚಾರ್ಜರ್ ಅದನ್ನು ಒಂದೂವರೆ ಗಂಟೆಯಲ್ಲಿ ತುಂಬಿಸಿಬಿಡುತ್ತದೆ. ಉಳಿದ ರಾತ್ರಿಯೆಲ್ಲ ಅದು ಸುಮ್ಮನೆ ಗೋಡೆಯ ಮೇಲೆ ಕೂತಿರುತ್ತದೆ.

ಷೋರೂಮಿನವರು ಸಾಮಾನ್ಯವಾಗಿ ಬಿಡಿಸಿ ಹೇಳದ ಒಂದು ಸಂಗತಿ ಇದೆ. ಮನೆಯ ಕರೆಂಟು ಎಸಿ, ಬ್ಯಾಟರಿಗೆ ಬೇಕಾದದ್ದು ಡಿಸಿ. ಅದನ್ನು ಬದಲಾಯಿಸುವ ಯಂತ್ರ ಗೋಡೆಯ ಮೇಲಿಲ್ಲ, ಕಾರಿನೊಳಗಿದೆ. ಗೋಡೆಯ ಮೇಲಿರುವುದು ಹೆಚ್ಚುಕಡಿಮೆ ಒಂದು ಜಾಣ ಸ್ವಿಚ್ಚು ಅಷ್ಟೇ. ಕಾರಿನೊಳಗಿನ ಆ ಆನ್‌ಬೋರ್ಡ್ ಚಾರ್ಜರ್ 11 ಕಿಲೋವ್ಯಾಟಿನದ್ದಾದರೆ, ಅಂದರೆ ಗಂಟೆಗೆ 11 ಯೂನಿಟ್ ತುಂಬುವಂಥದ್ದಾದರೆ, ಗೋಡೆಗೆ 22ರದ್ದು ಹಾಕಿಸಿದರೂ ಸಿಗುವುದು 11. ಪೋರ್ಷೆ ಟೈಕನ್ ತರಹದ ಕಾರುಗಳಲ್ಲಿ 11 ಜೊತೆಗೇ ಬರುತ್ತದೆ, 22 ಬೇಕೆಂದರೆ ಆಯ್ಕೆಯಾಗಿ ಕೊಳ್ಳಬೇಕು. ನನ್ನನ್ನು ಕೇಳಿದರೆ ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಆ 22 ದಂಡ. ಅದಕ್ಕೆ ತಕ್ಕ ಲೋಡ್ ಬಹುತೇಕ ಮನೆಗಳಿಗೆ ಮಂಜೂರಾಗಿರುವುದೇ ಇಲ್ಲ. ಆಫೀಸಿನಲ್ಲೋ ಕ್ಲಬ್ಬಿನಲ್ಲೋ 22ರ ಎಸಿ ಚಾರ್ಜರ್ ಇದ್ದು, ಅಲ್ಲಿ ಎರಡು ಗಂಟೆ ನಿಲ್ಲಿಸುವ ಅಭ್ಯಾಸವಿದ್ದರೆ ಮಾತು ಬೇರೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ. ನಿಮ್ಮ ಮನೆಗೆ ಸಿಂಗಲ್ ಫೇಸ್ ಸಂಪರ್ಕವಿದ್ದರೆ, ಈ ಕಾರು ಸಿಂಗಲ್ ಫೇಸಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ? ಕೆಲವು ಕಾರು 32 ಎಳೆಯುತ್ತವೆ, ಕೆಲವು 16ಕ್ಕೇ ನಿಲ್ಲುತ್ತವೆ. ಹನ್ನೊಂದರ ಕಾರು ಕೊಂಡು ಮೂರೂವರೆಯ ವೇಗದಲ್ಲಿ ತುಂಬಿಸಿಕೊಳ್ಳುವ ಪಾಡು ಬರುವುದು ಹೀಗೆ.

ಮೀಟರ್ ಕೋಣೆಗೆ ಬರೋಣ. ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು. ಕಾರು ಬಂದು ವಾರವಾಗಿತ್ತು, ಚಾರ್ಜರ್ ಗೋಡೆಯ ಮೇಲಿತ್ತು, ಕೇಬಲ್ ಸಿಕ್ಕಿಸಿದರೆ ಮಾತ್ರ ಕೆಂಪು ದೀಪ. ಕಾರಿನವರು ಮನೆಯ ವೈರಿಂಗ್ ಸರಿಯಿಲ್ಲ ಎಂದರು, ವೈರಿಂಗಿನವರು ಕಾರು ಸರಿಯಿಲ್ಲ ಎಂದರು. ನನ್ನ ಜೊತೆ ಬಂದಿದ್ದ ಎಲೆಕ್ಟ್ರಿಷಿಯನ್ ಹುಡುಗ ಮುಚ್ಚಳ ಬಿಚ್ಚಿ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್‌ಗೂ ಇನ್ನೊಂದನ್ನು ಅರ್ಥ್‌ಗೂ ಇಟ್ಟ. ಎರಡು ಮೂರು ವೋಲ್ಟ್ ಇರಬೇಕಾದ ಜಾಗದಲ್ಲಿ ಮೂವತ್ತರ ಮೇಲೆ ತೋರಿಸಿತು. ಮಾಲೀಕರು, "ಅರ್ಥ್ ಇದೆಯಲ್ಲಪ್ಪ, ಹಸಿರು ವೈರು ಕಾಣ್ತಾ ಇದೆಯಲ್ಲ" ಎಂದರು. ಅವನು ತಲೆಯೆತ್ತದೆ, "ವೈರ್ ಇದೆ ಸಾರ್. ಅರ್ಥ್ ಇಲ್ಲ" ಎಂದ. ಆ ಹಸಿರು ತಂತಿಯನ್ನು ಹಿಡಿದುಕೊಂಡು ಬೇಸ್‌ಮೆಂಟಿನ ಉದ್ದಕ್ಕೂ ನಡೆದೆವು. ಕೇಬಲ್ ಟ್ರೇ ಒಂದು ಗೋಡೆ ದಾಟುವಲ್ಲಿ ಅದು ಯಾವುದಕ್ಕೂ ಸೇರದೆ ಗಾಳಿಯಲ್ಲಿ ನೇತಾಡುತ್ತಿತ್ತು. ಹೊರಗಿನ ಅರ್ಥಿಂಗ್ ಗುಂಡಿಯ ಮುಚ್ಚಳ ಎತ್ತಿದರೆ ಒಳಗೆ ಒಣ ಮಣ್ಣು. ಇದ್ದಿಲು, ಉಪ್ಪು ಹಾಕಿ ಹೂತ ಹಳೆಯ ಕೊಳವೆ, ನೀರು ಕಂಡು ಎಷ್ಟು ಬೇಸಿಗೆ ಕಳೆದಿತ್ತೋ.

ಹಾಗಾದರೆ ಇಷ್ಟು ವರ್ಷ ಆ ಮನೆಗಳಲ್ಲಿ ಫ್ರಿಜ್ಜು, ಗೀಸರು ಹೇಗೆ ಓಡುತ್ತಿದ್ದವು? ಅವು ಅರ್ಥ್ ಇದೆಯೇ ಎಂದು ಕೇಳುವುದಿಲ್ಲ, ಓಡುತ್ತವೆ. ವಿದ್ಯುತ್ ಕಾರಿನ ಚಾರ್ಜರ್ ಕೇಳುತ್ತದೆ. ಇಲ್ಲವೆಂದರೆ ಕರೆಂಟು ಎಳೆಯಲು ಒಪ್ಪುವುದಿಲ್ಲ. ಆ ಕಟ್ಟಡದ ಜನ ಕಾರಿಗೆ ಋಣಿಗಳು ಎಂದು ನಾನು ಅಸೋಸಿಯೇಷನ್ ಸಭೆಯಲ್ಲಿ ಹೇಳಿದ್ದು ಯಾರಿಗೂ ರುಚಿಸಲಿಲ್ಲ.

ಕೇಬಲಿನ ದಪ್ಪದಲ್ಲೂ ಜಿಪುಣತನ ಬೇಡ. ಮೀಟರ್ ಕೋಣೆ ಒಂದು ಮೂಲೆಯಲ್ಲಿ, ನಿಮ್ಮ ಪಾರ್ಕಿಂಗ್ ಇನ್ನೊಂದು ಮೂಲೆಯಲ್ಲಿ. ನಡುವೆ 60 ಮೀಟರ್ ದೂರ ಎನ್ನಿ. 6 ಚದರ ಮಿಲಿಮೀಟರಿನ ತಾಮ್ರದ ಕೇಬಲಿನಲ್ಲಿ 32 ಆಂಪಿಯರ್ ಹರಿದರೆ 11 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅಂದರೆ ಚಾರ್ಜ್ ಆಗುವಷ್ಟು ಹೊತ್ತೂ ಮುನ್ನೂರೈವತ್ತು ವ್ಯಾಟಿನಷ್ಟು ಶಾಖ ಕೇಬಲ್ ಟ್ರೇಯೊಳಗೆ. 10 ಚದರದ್ದು ಹಾಕಿದರೆ ಆ ನಷ್ಟ ಏಳು ವೋಲ್ಟಿನೊಳಗೆ ನಿಲ್ಲುತ್ತದೆ. ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿಯ ವಿಷಯವೂ ಹೀಗೆಯೇ. ಮಾಮೂಲು ಮನೆಯ ಆರ್‌ಸಿಸಿಬಿ ಡಿಸಿ ಸೋರಿಕೆಯನ್ನು ಗುರುತಿಸುವುದಿಲ್ಲ. ಚಾರ್ಜರಿನೊಳಗೇ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದ್ದರೆ ಹೊರಗೆ ಟೈಪ್ ಎ ಸಾಕು, ಇಲ್ಲವಾದರೆ ಟೈಪ್ ಬಿ ಬೇಕು. ಟೈಪ್ ಬಿ ದುಬಾರಿ, ಹಾಗಾಗಿ ಹಾಕುವವರು ಅದನ್ನು ಬಾಯಿಗೇ ತರುವುದಿಲ್ಲ. ನೀವು ಕೇಳಿ.

ಚಾರ್ಜರ್ ಯಾವ ಮೀಟರಿನಿಂದ ಎಂಬುದು ಮುಂದಿನ ಪ್ರಶ್ನೆ. ಮನೆಯಲ್ಲಿ, ಆಫೀಸಿನಲ್ಲಿ ಈಗಿರುವ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿ ಹೇಳಿತ್ತು. ಅಸೋಸಿಯೇಷನ್ನಿನವರು "ರೂಲ್ಸ್ ಇಲ್ಲ" ಎಂದಾಗ ಇದನ್ನು ಮುಂದಿಡಬಹುದು. ಆದರೆ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಆರ್.ಆರ್. ನಂಬರಿನ ಆಸುಪಾಸಿನಲ್ಲೇ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಅಲ್ಲಿ ಮೂರೋ ಐದೋ ಕಿಲೋವ್ಯಾಟ್ ಎಂದಿದ್ದರೆ ಏಳೂವರೆಯ ಚಾರ್ಜರ್ ಹಾಕುವ ಮೊದಲು ಲೋಡ್ ಏರಿಸಲು ಬೆಸ್ಕಾಂಗೆ ಅರ್ಜಿ ಕೊಡಬೇಕು. ಠೇವಣಿ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಕಾರು ಚಾರ್ಜಿಂಗಿಗೆಂದೇ ಪ್ರತ್ಯೇಕ ದರದಲ್ಲಿ ಬೇರೆ ಮೀಟರ್ ಪಡೆಯುವ ದಾರಿಯೂ ಇದೆ. ದೊಡ್ಡ ಕಟ್ಟಡಗಳಲ್ಲಿ ಅಸೋಸಿಯೇಷನ್ ಹೆಸರಿನಲ್ಲಿ ಅಂಥದ್ದೊಂದು ಮೀಟರ್ ತೆಗೆದುಕೊಂಡು ಎಲ್ಲರಿಗೂ ಹಂಚುವುದೇ ವಾಸಿ. ಮೊದಲ ಕಾರಿನವರು ತಮ್ಮ ಪಾಡಿಗೆ ಕೇಬಲ್ ಎಳೆಸಿಕೊಳ್ಳುತ್ತಾರೆ, ಹತ್ತನೆಯವರ ಹೊತ್ತಿಗೆ ಟ್ರಾನ್ಸ್‌ಫಾರ್ಮರಿನಲ್ಲಿ ಜಾಗವಿರುವುದಿಲ್ಲ. ಆಮೇಲೆ ಯಾರು ಮೊದಲು, ಯಾರು ಆಮೇಲೆ ಎಂಬ ಜಗಳ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕು ಜನರೇಟರಿನದ್ದು. ಕರೆಂಟು ಹೋದ ಕೂಡಲೇ ಜನರೇಟರ್ ಶುರುವಾಗುತ್ತದೆ, ಎಷ್ಟೋ ಕಡೆ ಮೀಟರೇ ಎರಡೂ ಲೆಕ್ಕ ಇಡುತ್ತದೆ. ನಿಮ್ಮ ಚಾರ್ಜರ್ ಜನರೇಟರ್ ಬರುವ ಲೈನಿಗೆ ಸೇರಿದ್ದರೆ ಮಧ್ಯರಾತ್ರಿ ನಿಮ್ಮ ಹಸಿರು ಪ್ಲೇಟಿನ ಕಾರು ಡೀಸೆಲ್ ಕುಡಿಯುತ್ತಿರುತ್ತದೆ, ಅದೂ ಬೆಸ್ಕಾಂ ದರಕ್ಕಿಂತ ಎಷ್ಟೋ ಪಟ್ಟು ದುಬಾರಿಗೆ. ಜನರೇಟರಿಗೆ ಹೊರೆ ಹೆಚ್ಚಾಗಿ ನೆರೆಯವರ ಲಿಫ್ಟೂ ನಿಲ್ಲಬಹುದು. ಜನರೇಟರ್ ಇಲ್ಲದ ಲೈನಿನಿಂದಲೇ ಎಳೆಸಿ ಎಂದು ಬರವಣಿಗೆಯಲ್ಲಿ ಕೊಡಿ. ಅಸೋಸಿಯೇಷನ್ನಿನ ಅರ್ಧ ವಿರೋಧ ಅಲ್ಲಿಗೇ ಮುಗಿಯುತ್ತದೆ.

ಒಂದರ ಮೇಲೊಂದು ಕಾರು ಎತ್ತಿ ನಿಲ್ಲಿಸುವ ಯಾಂತ್ರಿಕ ಪಾರ್ಕಿಂಗ್ ನಿಮ್ಮದಾದರೆ ಅದರ ಕಬ್ಬಿಣದ ಪಟ್ಟಿಯ ಮೇಲೆ ಬರೆದ ಭಾರದ ಮಿತಿಯನ್ನು ಓದಿಬನ್ನಿ. ಐ7, ಇಕ್ಯೂಎಸ್ ಎರಡೂ ಎರಡೂವರೆ ಟನ್ನಿಗಿಂತ ಹೆಚ್ಚು ತೂಗುತ್ತವೆ. ಇನ್ನು 2022ರ ಸೆಪ್ಟೆಂಬರ್ ಮಳೆ. ಹೊರ ವರ್ತುಲ ರಸ್ತೆಯ ಆಸುಪಾಸಿನ ಐಷಾರಾಮಿ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿ ನಿಂತ ಚಿತ್ರಗಳನ್ನು ದೇಶವೇ ನೋಡಿತು. ಬೇಸ್‌ಮೆಂಟಿಗೆ ನೀರು ಬಂದ ಇತಿಹಾಸವಿದ್ದರೆ ಚಾರ್ಜರನ್ನು ಎದೆಯೆತ್ತರಕ್ಕೆ ಹಾಕಿಸಿ, ಅದರ ಎಂಸಿಬಿ ಇನ್ನೂ ಮೇಲಿರಲಿ. ವಿಮೆಯಲ್ಲಿ ಬ್ಯಾಟರಿಗೆ ನೀರು ನುಗ್ಗಿದರೆ ಏನು, ಗೋಡೆ ಚಾರ್ಜರಿಗೆ ರಕ್ಷಣೆ ಇದೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಓದಿ.

ಈಗ ಷೋರೂಮಿಗೆ ಹೋಗಬಹುದು. ಅಲ್ಲಿ ಕೈಗೆ ಕೊಡುವ ಆಯ್ಕೆಗಳ ಪಟ್ಟಿಯನ್ನು ನಾನು ಎರಡು ಭಾಗ ಮಾಡುತ್ತೇನೆ: ಆಮೇಲೆ ಹಾಕಿಸಲು ಬರದೇ ಇರುವುದು, ಆಮೇಲೂ ಹಾಕಿಸಬಹುದಾದದ್ದು. ದುಡ್ಡೆಲ್ಲ ಮೊದಲನೆಯ ಭಾಗಕ್ಕೆ. ದೊಡ್ಡ ಬ್ಯಾಟರಿ, ಆನ್‌ಬೋರ್ಡ್ ಚಾರ್ಜರ್, ಏರ್ ಸಸ್ಪೆನ್ಷನ್, ಗಾಳಿಯಾಡುವ ಸೀಟು, ಇವನ್ನು ಕಾರ್ಖಾನೆಯಲ್ಲೇ ಹಾಕಬೇಕು. ಮ್ಯಾಟು, ಚಕ್ರ, ಬಣ್ಣ ಕಾಯುವ ಹಾಳೆ ಇತ್ಯಾದಿಗಳಿಗೆ ಅವಸರವಿಲ್ಲ. ಸಾಫ್ಟ್‌ವೇರಿಗಂತೂ ಇಲ್ಲವೇ ಇಲ್ಲ. 2025ರ ಜುಲೈಯಲ್ಲಿ ಟೆಸ್ಲಾ ಮುಂಬೈಯಲ್ಲಿ ಮಳಿಗೆ ತೆರೆದು ಮಾಡೆಲ್ ವೈ ಮಾರಾಟಕ್ಕಿಟ್ಟಾಗ, ಪೂರ್ತಿ ತಾನೇ ಓಡುವ ಸಾಮರ್ಥ್ಯ ಎಂಬ ಹೆಸರಿನ ಆಯ್ಕೆಗೆ 6 ಲಕ್ಷ ರೂಪಾಯಿ ಬೆಲೆಯಿಟ್ಟಿತು. ಚಾಲಕ ಗಮನವಿಟ್ಟು ಕೂತಿರಲೇಬೇಕೆಂದು ಹೇಳುವುದೂ ಅದೇ ಕಂಪನಿ. ನಮ್ಮ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ಸ್ಕೂಟರು, ದಾರಿಯ ನಡುವೆ ಮೆಲುಕು ಹಾಕುವ ಹಸು, ಇವನ್ನೆಲ್ಲ ಅದು ಕಲಿತ ದಿನ ಕೊಂಡರಾಯಿತು.

ಕೆಲವು ಕಾರುಗಳಲ್ಲಿ ಆಯ್ಕೆಯ ರಗಳೆಯೇ ಇರುವುದಿಲ್ಲ. ನಮ್ಮ ಹೊಸಕೋಟೆಯ ಘಟಕದಲ್ಲಿ ಜೋಡಣೆಯಾದ ವೋಲ್ವೊ ಎಕ್ಸ್‌ಸಿ40 ರೀಚಾರ್ಜ್ 2022ರ ಜುಲೈಯಲ್ಲಿ 55.9 ಲಕ್ಷಕ್ಕೆ ಬಂದಾಗ ಎಲ್ಲ ತುಂಬಿದ ಒಂದೇ ಮಾದರಿಯಲ್ಲಿ ಬಂತು, 11 ಕಿಲೋವ್ಯಾಟಿನ ಗೋಡೆ ಚಾರ್ಜರ್ ಕೂಡ ಬೆಲೆಯೊಳಗೇ. ಇಲ್ಲಿ ಜೋಡಿಸುವ ಕಾರುಗಳ ಕ್ರಮವೇ ಬಹುಪಾಲು ಹಾಗೆ. ಕಂಪನಿ ಕಟ್ಟಿಕೊಟ್ಟ ಗಂಟನ್ನು ಹಾಗೆಯೇ ತೆಗೆದುಕೊಳ್ಳುವುದು. ಹಾಗಾಗಿ ಯುರೋಪಿನ ಚಳಿಗೆಂದು ಇಟ್ಟ ಬಿಸಿ ಸ್ಟೀರಿಂಗೂ ನಿಮ್ಮ ಪಾಲಿಗೆ ಬರುತ್ತದೆ. ಬೆಂಗಳೂರಿನ ಮಾಗಿಯಲ್ಲಿ ಅದನ್ನು ಒಮ್ಮೆ ಒತ್ತಿ ನೋಡಿ ಮರೆತುಬಿಡಿ. ಹೊರದೇಶದಲ್ಲಿ ಪೂರ್ತಿ ಕಟ್ಟಿ ತರಿಸುವ ಟೈಕನ್‌ನಂಥ ಕಾರುಗಳಲ್ಲಿ ಮಾತ್ರ ಪಟ್ಟಿ ಪುಟಗಟ್ಟಲೆ ಹೋಗುತ್ತದೆ, ಹುಷಾರಾಗಿರಬೇಕಾದದ್ದು ಅಲ್ಲಿ.

ಟೈಕನ್ ವಿಚಾರದಲ್ಲೇ ಒಂದು ಪಾಠವಿದೆ. ಅದು 800 ವೋಲ್ಟಿನ ಕಾರು. ಸರಿಯಾದ ಚಾರ್ಜರ್ ಸಿಕ್ಕರೆ ಮೊದಲ ಮಾದರಿಗಳೇ 270 ಕಿಲೋವ್ಯಾಟ್ ತನಕ ಎಳೆಯುತ್ತಿದ್ದವು. ಆದರೆ ದಾರಿಬದಿಯ 400 ವೋಲ್ಟಿನ ಚಾರ್ಜರ್ ಎದುರು ನಿಂತರೆ ಅದೇ ಕಾರು 50 ಕಿಲೋವ್ಯಾಟಿಗೆ ಇಳಿಯುತ್ತಿತ್ತು. ಅದನ್ನು 150ಕ್ಕೆ ಏರಿಸುವ ಯಂತ್ರ ಆಯ್ಕೆಯ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಬಿದ್ದಿತ್ತು. ಸ್ಪೀಕರಿನಿಂದ ಎಂಜಿನ್ನಿನಂಥ ಸದ್ದು ಹೊರಡಿಸುವ ಆಯ್ಕೆಯೂ ಅದೇ ಪಟ್ಟಿಯಲ್ಲಿತ್ತು, ಜನರ ಕಣ್ಣು ಹೋಗುವುದು ಅದರ ಮೇಲೆ. ಹಳೆಯ ಟೈಕನ್ ಕೊಳ್ಳುವವರು ಈ ಒಂದು ಸಾಲನ್ನು ಕಾಗದದಲ್ಲಿ ಹುಡುಕಿಯೇ ಮುಂದಿನ ಮಾತಾಡಿ.

ಚಕ್ರ. ಇಪ್ಪತ್ತೊಂದು ಇಂಚಿನ ಚಕ್ರ ಫೋಟೋದಲ್ಲಿ ಚೆಂದ. ಆದರೆ ಚಕ್ರ ದೊಡ್ಡದಾದಷ್ಟೂ ಟೈರಿನ ಗೋಡೆ ಗಿಡ್ಡ, ಒಂದು ಚಾರ್ಜಿಗೆ ಓಡುವ ದೂರವೂ ಕಡಿಮೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಎರಡೂವರೆ ಟನ್ನಿನ ಕಾರು ಇಳಿದರೆ ಗಿಡ್ಡ ಟೈರು ಸೀಳುತ್ತದೆ. ಇಂಥ ಬಹಳಷ್ಟು ಕಾರುಗಳಲ್ಲಿ ಸ್ಟೆಪ್ನಿಯೂ ಇರುವುದಿಲ್ಲ, ಒಂದು ಡಬ್ಬಿ ಅಂಟು ಮತ್ತು ಪುಟ್ಟ ಪಂಪು ಇರುತ್ತದೆ. ಸಣ್ಣ ಚಕ್ರ ತೆಗೆದುಕೊಳ್ಳಿ, ಉಳಿದ ದುಡ್ಡನ್ನು ಏರ್ ಸಸ್ಪೆನ್ಷನ್‌ಗೆ ಹಾಕಿ. ಉದ್ದನೆಯ ಕಾರು, ಹೊಟ್ಟೆಯಡಿ ಬ್ಯಾಟರಿ, ಯಾರೋ ಒಂದು ರಾತ್ರಿಯಲ್ಲಿ ಕಟ್ಟಿಹೋದ ಹಂಪು. ಕಾರನ್ನು ಒಂದಿಷ್ಟು ಮೇಲೆತ್ತುವ ಗುಂಡಿ ನಮ್ಮಲ್ಲಿ ಶೋಕಿಯಲ್ಲ.

ಹಿಂದಿನ ಸೀಟಿನಲ್ಲಿ ಕೂರುವವರು ನೀವಾದರೆ ಹಿಂದೆಯೇ ಕೂತು ಅರ್ಧ ಗಂಟೆ ಸುತ್ತಿ ಬನ್ನಿ. ಐ7 ಕಾರಿನಲ್ಲಿ ಚಾವಣಿಯಿಂದ 31.3 ಇಂಚಿನ ಪರದೆ ಇಳಿದು ಬರುತ್ತದೆ, ನೋಡಿದವರು ಬೆರಗಾಗುತ್ತಾರೆ. ನೀವು ನೋಡಬೇಕಾದದ್ದು ನಿಮ್ಮ ಮಂಡಿಯನ್ನು. ಬ್ಯಾಟರಿ ನೆಲದೊಳಗಿರುವುದರಿಂದ ಹಲವು ವಿದ್ಯುತ್ ಕಾರುಗಳಲ್ಲಿ ನೆಲ ಎತ್ತರ. ಕಾಲು ಮಡಿಸಿ ಕೂತಂತಾಗಿ ತೊಡೆ ಸೀಟಿಗೆ ತಾಗುವುದೇ ಇಲ್ಲ. ಮೈಸೂರು ತಲುಪುವಷ್ಟರಲ್ಲಿ ಸೊಂಟ ನೆನಪಿಸುತ್ತದೆ. ಮನೆಯಲ್ಲಿ ವಯಸ್ಸಾದ ತಾಯಿಯೋ ಮಾವನೋ ಇದ್ದರೆ ಅವರನ್ನೇ ಕರೆದೊಯ್ದು ಕೂರಿಸಿ. ಅವರ ತೀರ್ಪು ಪತ್ರಿಕೆಗಳ ವಿಮರ್ಶೆಗಿಂತ ನಿಖರ.

ಆಯ್ಕೆಯ ಬೆಲೆ ಪಟ್ಟಿಯಲ್ಲಿ ಬರೆದಷ್ಟೇ ಅಲ್ಲ ಎಂಬುದೂ ನೆನಪಿರಲಿ. ವಿದ್ಯುತ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್. ದೊಡ್ಡ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರಿನಿಂದ 40. ಇಲ್ಲಿ ನಿಮಗೆ ದೊಡ್ಡ ಲಾಭ. ಆದರೆ ಕರ್ನಾಟಕದಲ್ಲಿ ವಿದ್ಯುತ್ ವಾಹನಗಳಿಗೆ ಮೊದಲಿದ್ದ ಪೂರ್ತಿ ತೆರಿಗೆ ವಿನಾಯಿತಿ 25 ಲಕ್ಷ ಮೀರಿದ ಕಾರುಗಳಿಗೆ 2024ರಲ್ಲಿ ಹೋಯಿತು. ಈಗ 10 ಪರ್ಸೆಂಟ್ ಆಜೀವ ತೆರಿಗೆ ಇದೆ. ಕಾರ್ಖಾನೆಯಲ್ಲೇ ಹಾಕಿಸಿದ 8 ಲಕ್ಷದ ಆಯ್ಕೆ ಬಿಲ್ಲಿನ ಬೆಲೆಗೆ ಸೇರುತ್ತದೆ, ಅದರ ಮೇಲೆ ಇನ್ನೂ 80 ಸಾವಿರ ತೆರಿಗೆ, ಜೊತೆಗೆ ಹೆಚ್ಚಿದ ವಿಮೆ. ಮಾರುವಾಗ ಆ ಕೆಂಪು ಹೊಲಿಗೆಯ ಸೀಟಿಗೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲ.

ಊರು ಬಿಟ್ಟು ಹೊರಟಾಗಿನ ಮಾತು. ಇಕ್ಯೂಎಸ್ 580ಕ್ಕೆ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿ 857 ಕಿಲೋಮೀಟರ್. ಅದು ಪ್ರಯೋಗಶಾಲೆಯ ಅಂಕಿ. ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ ಓಡಿಸುವವರು ಬ್ಯಾಟರಿಯ ಯೂನಿಟ್ಟನ್ನು ಐದರಿಂದ ಗುಣಿಸಿ, ಆ ದೂರವನ್ನು ನಂಬಿ. ನೂರು ಯೂನಿಟ್ಟಿಗೆ ಐನೂರು. ಬೆಂಗಳೂರಿನಿಂದ ಮಂಗಳೂರು 350, ಹಾಗಾಗಿ ನಿಲ್ಲದೆ ಹೋಗಬಹುದು. ಆದರೂ ಹಾಸನದಲ್ಲೋ ಸಕಲೇಶಪುರದಲ್ಲೋ ಕಾಫಿಗೆ ನಿಲ್ಲುವವರೇ ಹೆಚ್ಚು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಬ್ಯಾಟರಿ ಖಾಲಿಯಾಗುತ್ತದೆಂಬ ಭಯ ಮಾತ್ರ ಬೇಡ. ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ಎಸಿ ಹಾಕಿಕೊಂಡು ನಿಂತರೂ ಒಂದೆರಡು ಯೂನಿಟ್ಟಿನ ಮಾತು.

ದಾರಿಯ ಡಿಸಿ ಚಾರ್ಜರುಗಳು ನಮ್ಮಲ್ಲಿ 30, 60 ಕಿಲೋವ್ಯಾಟಿನವೇ ಜಾಸ್ತಿ, 120ರ ಮೇಲಿನವು ಕೆಲವೇ ಕಡೆ. ನಿಮ್ಮ ಕಾರಿಗೆ 200 ಎಳೆಯುವ ಶಕ್ತಿಯಿದ್ದರೂ ಅರವತ್ತರ ಚಾರ್ಜರ್ ಅರವತ್ತನ್ನೇ ಕೊಡುತ್ತದೆ, ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದರೆ ಅದೂ ಪಾಲಾಗಬಹುದು. ಬ್ಯಾಟರಿ ತುಂಬುವುದು ಲೋಟಕ್ಕೆ ಕಾಫಿ ಸುರಿದ ಹಾಗೆ, ಅಂಚು ಹತ್ತಿರ ಬಂದಾಗ ಕೈ ನಿಧಾನವಾಗುತ್ತದೆ. ಎಂಬತ್ತು ಪರ್ಸೆಂಟಿಗೆ ಎದ್ದು ಹೊರಡಿ, ಹಿಂದೆ ಕಾದವರೂ ಹರಸುತ್ತಾರೆ. ಮನೆಯಲ್ಲಿ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಬಿದ್ದರೆ ಹೊರಗೆ ಇಪ್ಪತ್ತರ ಆಸುಪಾಸು. ಮನೆಯ ಚಾರ್ಜರಿಗೆ ಖರ್ಚು ಮಾಡಿದ್ದು ಹೀಗೆ ವಾಪಸು ಬರುತ್ತದೆ.

ಘಟ್ಟದ ಮೇಲೆ ತೋಟದ ಮನೆ ಇರುವವರಿಗೆ ಎರಡು ಮಾತು. ಎರಡೂವರೆ ಟನ್ನಿನ ಕಾರನ್ನು ಕರಾವಳಿಯಿಂದ ಸಕಲೇಶಪುರಕ್ಕೆ, ಅಂದರೆ ಸುಮಾರು 900 ಮೀಟರ್ ಎತ್ತರಕ್ಕೆ ಎತ್ತಲು ಆರು ಯೂನಿಟ್ ಹೆಚ್ಚುವರಿ ಬೇಕು. ಇಳಿಯುವಾಗ ಅದರಲ್ಲಿ ಒಳ್ಳೆಯ ಪಾಲು ಬ್ಯಾಟರಿಗೆ ಮರಳುತ್ತದೆ. ಆದರೆ ತೋಟದಲ್ಲೇ ನೂರಕ್ಕೆ ನೂರು ತುಂಬಿಸಿ ಇಳಿಯಲು ಹೊರಟರೆ ಮರಳಿದ ಕರೆಂಟಿಗೆ ಜಾಗವೇ ಇರುವುದಿಲ್ಲ, ಕಾರು ಮಾಮೂಲು ಬ್ರೇಕಿನ ಮೇಲೆ ಇಳಿಯಬೇಕಾಗುತ್ತದೆ. ಎಂಬತ್ತೈದಕ್ಕೆ ನಿಲ್ಲಿಸಿ. ಎರಡನೆಯದು, ಪಂಪ್‌ಸೆಟ್ಟಿನ ಲೈನಿಗೆ ಕಾರಿನ ಚಾರ್ಜರ್ ಹಾಕಿಸುವ ಯೋಚನೆ ಬೇಡ. ಅದಕ್ಕೆ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದೂ ಅದರ ಸಮಯಕ್ಕೆ, ನಿಮ್ಮ ಸಮಯಕ್ಕಲ್ಲ. ಮನೆಯ ಲೈನಿನಲ್ಲಿ ಒಂದು ಇಂಡಸ್ಟ್ರಿಯಲ್ ಸಾಕೆಟ್, ಒಳ್ಳೆಯ ಅರ್ಥಿಂಗ್, ಕಾರಿನ ಜೊತೆ ಕೊಡುವ ಪೋರ್ಟಬಲ್ ಚಾರ್ಜರ್. ಶನಿವಾರ ಸಂಜೆ ಹಾಕಿ ಸೋಮವಾರ ಬೆಳಗ್ಗೆ ತೆಗೆದರೆ ಬೇಕಾದಷ್ಟಾಯಿತು. ಗೋಡೆಯ ಮಾಮೂಲು ಪ್ಲಗ್ಗಿನಲ್ಲಿ ಅಷ್ಟು ಹೊತ್ತು 15 ಆಂಪಿಯರ್ ಎಳೆಯಬೇಡಿ, ಪ್ಲಾಸ್ಟಿಕ್ ಕರಗಿದ್ದನ್ನು ನೋಡಿದ್ದೇನೆ.

ಬುಕ್ ಮಾಡಿದ ದಿನವೇ ಲೋಡ್ ಅರ್ಜಿಯನ್ನೂ ಕೊಟ್ಟುಬಿಡಿ. ಕಾರು ಬರಲು ತಿಂಗಳುಗಳಾಗುತ್ತವೆ, ಬೆಸ್ಕಾಂ ಕೆಲಸಕ್ಕೂ ಅಸೋಸಿಯೇಷನ್ ಒಪ್ಪಿಗೆಗೂ ಅಷ್ಟು ಕಾಲ ಬೇಕೇ ಬೇಕು. ಚಾರ್ಜರ್ ಗೋಡೆಗೇರಿದ ಮೇಲೆ ನಿಮ್ಮ ಕಾರಿಗಾಗಿ ಕಾಯಬೇಡಿ. ಗೋಡೆ ಚಾರ್ಜರಿನ ಟೈಪ್ ಟೂ ಗನ್ ಹಿಡಿಯುವ ಯಾವ ಕಾರಾದರೂ ಸರಿ, ಪರಿಚಯದವರದ್ದನ್ನು ಒಂದು ರಾತ್ರಿ ತಂದು ಹಚ್ಚಿಸಿ. ಎರಡು ಗಂಟೆಯಾದ ಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆದು ಎಂಸಿಬಿ, ಕೇಬಲಿನ ಜೋಡಣೆ ಬಿಸಿಯಾಗಿವೆಯೇ ಎಂದು ನೋಡಿಸಿ. ಬೆಚ್ಚಗಿದ್ದರೆ ಪರವಾಗಿಲ್ಲ. ಸುಡುವಂತಿದ್ದರೆ ಸ್ಕ್ರೂ ಸಡಿಲವಿದೆ ಅಥವಾ ಕೇಬಲ್ ತೆಳ್ಳಗಾಗಿದೆ. ಹಾಕಿದವರನ್ನೇ ವಾಪಸು ಕರೆಸಿ, ಬಿಲ್ಲಿನ ಬಾಕಿಯನ್ನು ಅಲ್ಲಿಯವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.